ಬಾಯಲ್ಲಿ ಕಥೆ ಇದೆ, ಪುಸ್ತಕದಲ್ಲಿ ಎರಡೇ ಸಾಲು

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ ನಾನು. ಒಬ್ಬ ಹುಡುಗ ಕಾಫಿ ಕಣದ ವಿಷಯ, ತೋಟಕ್ಕೆ ಆನೆ ಬಂದ ರಾತ್ರಿಯ ವಿಷಯ ಎಲ್ಲವನ್ನೂ ಸೊಗಸಾಗಿ ಹೇಳುತ್ತಾನೆ. ಬರೆಯಲು ಹೇಳಿದರೆ ಎರಡು ಸಾಲಿಗೆ ಪೆನ್ಸಿಲ್ ಕೆಳಗಿಡುತ್ತಾನೆ. ಒತ್ತಕ್ಷರ, ದೀರ್ಘ ಬಿಟ್ಟುಹೋಗುತ್ತವೆ. ಮನೆಯಲ್ಲಿ ದಿನಾ ಎರಡು ಪುಟ ಕಾಪಿ ಬರೆಸುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಎರಡು ಪುಟ ನಿಲ್ಲಿಸಲು ಹೇಳಿ. ನೋಡಿ ಬರೆದರೆ ಕೈ ದಣಿಯುತ್ತದೆಯೇ ಹೊರತು ಹೇಳಬೇಕಾದುದನ್ನು ಬರಹಕ್ಕೆ ಇಳಿಸುವುದು ಬರುವುದಿಲ್ಲ. ಅದರ ಬದಲು ಸಂತೆಗೆ ಹೋಗುವಾಗ ಸಾಮಾನಿನ ಚೀಟಿಯನ್ನು ಅವನೇ ಬರೆಯಲಿ.

ನಮ್ಮ ಲಿಪಿ ಮಕ್ಕಳಿಗೆ ಎಷ್ಟು ಕಷ್ಟ ಕೊಡುತ್ತದೆ ಎಂಬುದನ್ನು ದೊಡ್ಡವರು ಮರೆತಿರುತ್ತೇವೆ. ‘ರಾತ್ರಿ’ ಎನ್ನುವಾಗ ಇಕಾರ ಕೊನೆಯಲ್ಲಿ ಕೇಳಿಸುತ್ತದೆ. ಬರೆಯುವಾಗ ಗುಡಿಸು ತಕಾರಕ್ಕೆ ಸೇರಿ, ರಕಾರದ ಒತ್ತು ಆಮೇಲೆ ಬರುತ್ತದೆ. ‘ಸೂರ್ಯ’ದಲ್ಲಿ ಮೊದಲು ಕೇಳಿಸುವ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಕೂರುತ್ತದೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೆ ಸಾಗುತ್ತಲೇ ಇದ್ದುದು ಕಂಡಿದೆ. ನಿಮ್ಮ ಹುಡುಗ ಕಥೆ ಕಟ್ಟುವ ಕೆಲಸವನ್ನೂ ಈ ಅಕ್ಷರ ಜೋಡಣೆಯನ್ನೂ ಒಟ್ಟಿಗೆ ಮಾಡಬೇಕಾಗಿದೆ. ಎರಡನ್ನೂ ಬೇರೆ ಮಾಡಿಕೊಡಿ.

ಆನೆಯ ಕಥೆಯನ್ನೇ ತೆಗೆದುಕೊಳ್ಳಿ. ಮೊದಲು ಪಕ್ಕದವನಿಗೆ ಹೇಳಲಿ. ನಂತರ ನಾಲ್ಕು ಚೌಕಗಳಲ್ಲಿ ಚಿತ್ರ ಬಿಡಿಸಲಿ. ಬೇಕಾಗುವ ಪದಗಳನ್ನು ಮಕ್ಕಳಿಂದಲೇ ಕೇಳಿ ಕಪ್ಪುಹಲಗೆಯ ಮೇಲೆ ಬರೆಯಿರಿ. ಇದನ್ನು ಇಡೀ ತರಗತಿಗೆ ಮಾಡಿಸಿ, ಅವನೊಬ್ಬನನ್ನೇ ಬೇರೆ ಕೂರಿಸಬೇಡಿ. ಅವನ ಮೊದಲ ಮೂರು ವಾಕ್ಯಗಳನ್ನು ಅವನು ಹೇಳಿದ ಮಾತಿನಲ್ಲೇ ನೀವು ಬರೆದುಕೊಡಿ, ಮನೆಮಾತಿನ ಪದ ಬಂದರೆ ಬರಲಿ. ಅದನ್ನು ಓದಿ ನಾಲ್ಕನೆಯದನ್ನು ಅವನು ಬರೆಯಲಿ. ಬರಬರುತ್ತಾ ನಿಮ್ಮ ಪಾಲು ಕಡಿಮೆಯಾಗಲಿ.

ತಿದ್ದುವಾಗ ಪುಟವೆಲ್ಲ ಕೆಂಪು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ವಾರ ದೀರ್ಘ ಮಾತ್ರ ನೋಡಿ, ಒತ್ತಕ್ಷರ ಮುಂದಿನ ವಾರಕ್ಕಿರಲಿ. ಉಕ್ತಲೇಖನಕ್ಕೂ ಅವನ ಬರಹದ ಐದಾರು ಪದಗಳು ಸಾಕು.

ಇಷ್ಟಾದರೂ ತೊಡಕು ಉಳಿದರೆ ‘ದಡ್ಡ’, ‘ಸೋಮಾರಿ’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಕಣ್ಣು, ಕಿವಿ ತೋರಿಸಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯದ ಮಕ್ಕಳನ್ನೂ ಎಲ್ಲರೊಂದಿಗೆ ಕಲಿಸುವ) ಸಂಪನ್ಮೂಲ ಶಿಕ್ಷಕರಿಗೆ ಅವನ ಬರಹದ ಮಾದರಿಗಳನ್ನು ದಿನಾಂಕ ಹಾಕಿ ಕೊಡಿ. ಕಲಿಕಾ ನ್ಯೂನತೆ ಎಂದು ತೀರ್ಮಾನಿಸುವುದು ತಜ್ಞರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಹಾಗೆಂದು ದೃಢಪಟ್ಟರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರಂಥ ಸೌಲಭ್ಯಗಳಿಗೆ ಅವಕಾಶ ಮಾಡಿದೆ. ಆದರೆ ಪರಿಸರ ಅಧ್ಯಯನದ ಪ್ರಶ್ನೆಗಳಿಗೆ ಅವನಿಂದ ಬಾಯಲ್ಲಿ ಉತ್ತರ ಕೇಳಲು ನೀವು ಯಾವ ಪ್ರಮಾಣಪತ್ರಕ್ಕೂ ಕಾಯಬೇಕಿಲ್ಲ, ನಾಳೆಯೇ ಕೇಳಬಹುದು.