ಐವಿಎಫ್ ನಡುವೆ ಜ್ವರ ಬಂದರೆ ಡಾಕ್ಟರಿಗೆ ಹೇಳಬೇಕಾ?

(2022ರ ಜನವರಿಯಲ್ಲಿ, ಕೋವಿಡ್‌ನ ಒಮಿಕ್ರಾನ್ ಅಲೆಯ ಹೊತ್ತಿನ ಪ್ರಶ್ನೋತ್ತರ ಇದು. ಐವಿಎಫ್ ಅಂದರೆ ಹೆಣ್ಣಿನ ಮೊಟ್ಟೆ ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಗರ್ಭಕೋಶದೊಳಗೆ ಬಿಡುವ ಚಿಕಿತ್ಸೆ.)

ಪ್ರಶ್ನೆ: ಮೇಡಂ, ನಮ್ಮದು ಶಹಾಪುರ. ನನಗೆ 33 ವರ್ಷ, ಮದುವೆಯಾಗಿ ಎಂಟು ವರ್ಷವಾಯಿತು. ಕಲಬುರಗಿಯಲ್ಲಿ ಐವಿಎಫ್ ಶುರು ಮಾಡಬೇಕು, ಎಎಂಎಚ್ (ಮೊಟ್ಟೆ ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ) ಚೆನ್ನಾಗಿದೆ ಅಂದಿದ್ದಾರೆ. ಅಷ್ಟರಲ್ಲಿ ಈ ಒಮಿಕ್ರಾನ್ ಬಂತು. ಎಳ್ಳಮಾವಾಸ್ಯೆಗೆ ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋದ ಅತ್ತೆ, ‘ದವಾಖಾನಿಗೆ ಮಾತ್ರ ಈಗ ಬ್ಯಾಡ’ ಅಂತಾರೆ. ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗಲ್ಲ ಅಂತ ಓಣಿಯವರು ಹೆದರಿಸಿದ್ದಕ್ಕೆ ಎರಡನೇ ಡೋಸ್ ಬಿಟ್ಟಿದ್ದೇನೆ. ಐವಿಎಫ್‌ಗೆ ಮೊಟ್ಟೆ ಬೆಳೆಸುವ ಇಂಜೆಕ್ಷನ್ ನಡುವೆ ಜ್ವರ ಬಂದರೆ ಡಾಕ್ಟರಿಗೆ ಹೇಳಬೇಕಾ? ಹೇಳಿದರೆ ದುಡ್ಡೆಲ್ಲ ಹೋಗುತ್ತಲ್ವಾ?

ಉತ್ತರ: ಕೊನೆಯ ಪ್ರಶ್ನೆಯೇ ಮುಖ್ಯ ತಂಗಿ, ಅದನ್ನೇ ಮೊದಲು ಹೇಳುತ್ತೇನೆ. ಹೇಳಲೇಬೇಕು. ಪ್ಯಾರಾಸಿಟಮಾಲ್ ನುಂಗಿ ಬಂದು, ಬಾಗಿಲಲ್ಲಿ ಟೆಂಪರೇಚರ್ ನೋಡುವ ಹುಡುಗನ ಮುಂದೆ ಉಸಿರು ಬಿಗಿಹಿಡಿದು ನಿಂತವರನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟು ಬರಲ್ಲ, ಬಂಗಾರ ಅಡ ಇಟ್ಟು ದುಡ್ಡು ತಂದಿರುತ್ತಾರೆ. ಆದರೆ ಮೊಟ್ಟೆ ತೆಗೆಯುವಾಗ ಅರಿವಳಿಕೆ ಕೊಡುತ್ತಾರೆ, ಕೋವಿಡ್ ಹಿಡಿದ ಪುಪ್ಪುಸಕ್ಕೆ ಅದು ಒಳ್ಳೆಯದಲ್ಲ.

ಜ್ವರ ಬಂದ ಕೂಡಲೇ ಎಲ್ಲ ಮುಗಿಯಿತು ಅಂತಲೂ ಅಲ್ಲ. ಇಂಜೆಕ್ಷನ್ ಶುರುವಾದ ಮೊದಲ ದಿನಗಳಲ್ಲೇ ಬಂದರೆ ನಿಲ್ಲಿಸಬೇಕಾಗಬಹುದು, ಆ ಔಷಧಿಯ ದುಡ್ಡು ಹೋಗುತ್ತೆ, ಸುಳ್ಳು ಹೇಳಲ್ಲ. ಟ್ರಿಗರ್ ಇಂಜೆಕ್ಷನ್ (ಮೊಟ್ಟೆ ಪೂರ್ತಿ ಬಲಿಯಲು ಕೊನೆಗೆ ಕೊಡುವುದು) ಆದ ಮೇಲೆ ಬಂದರೆ ಮಾತು ಬೇರೆ, ಯಾಕಂದರೆ ಅದಾಗಿ 34ರಿಂದ 36 ಗಂಟೆಯೊಳಗೆ ಮೊಟ್ಟೆ ತೆಗೆಯಬೇಕು. ಉಸಿರಾಟ ಚೆನ್ನಾಗಿದ್ದರೆ ಬೇಕಾದ ಎಚ್ಚರಿಕೆ ತೆಗೆದುಕೊಂಡು ತೆಗೆಯಬಹುದು, ತೀರ್ಮಾನ ನಿಮ್ಮ ಡಾಕ್ಟರರದ್ದು. ಭ್ರೂಣ ತಯಾರಾದ ಮೇಲೆ ಜ್ವರ ಬಂದರೆ ಫ್ರೀಜ್ ಮಾಡಿ ಇಡುತ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುತ್ತೆ. ನೀವು ಹುಷಾರಾದ ಮೇಲೆ ಒಳಗೆ ಬಿಡಬಹುದು.

ಇನ್ನು ಓಡಾಟ. ಹತ್ತು ಹನ್ನೆರಡು ದಿನದ ಇಂಜೆಕ್ಷನ್, ನಡುವೆ ನಾಲ್ಕೈದು ಸ್ಕ್ಯಾನ್. ಸ್ಕ್ಯಾನ್‌ಗೆ ಹತ್ತು ನಿಮಿಷ ಸಾಕು, ಅದಕ್ಕೆ ಮುಂಚೆ ಬೆಂಚಿನ ಮೇಲೆ ಮೂರು ತಾಸು ಕಾಯುತ್ತೀರಲ್ಲ, ಅಪಾಯ ಇರುವುದು ಅಲ್ಲಿ. ಬೆಳಗಿನ ಮೊದಲ ನಂಬರ್ ಕೇಳಿ. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಅನ್ನು ಸಿಸ್ಟರ್ ಹತ್ತಿರ ಒಂದು ಸಲ ಕಲಿತುಕೊಂಡರೆ ಮನೆಯಲ್ಲೇ ಹಾಕಿಕೊಳ್ಳಬಹುದು. ಮೊದಲೆರಡು ಸ್ಕ್ಯಾನ್ ಯಾದಗಿರಿಯಲ್ಲೇ ಮಾಡಿಸಿ ವಾಟ್ಸಾಪ್ ಮಾಡಿದರೆ ನಡೆಯುತ್ತಾ ಅಂತ ಕೇಳಿ ನೋಡಿ, ಎಲ್ಲರೂ ಒಪ್ಪಲ್ಲ, ಕೇಳುವುದರಲ್ಲಿ ತಪ್ಪೇನಿಲ್ಲ. ಜೊತೆಗೆ ಒಬ್ಬರೇ ಬರಲಿ. ಬಸ್ಸಿನಲ್ಲಿ ಬರುವುದಾದರೆ ಕಿಟಕಿ ಪಕ್ಕ ಕೂತು ಎನ್95 ಹಾಕಿಕೊಳ್ಳಿ. ಸೆರಗು ಮಾಸ್ಕ್ ಅಲ್ಲ!

ಇಂಜೆಕ್ಷನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿ, ಹಾಲಿಡುವ ಜಾಗದಲ್ಲಿ ಇಡಿ, 2ರಿಂದ 8 ಡಿಗ್ರಿ ಇದ್ದರೆ ಸರಿ. ಮೇಲಿನ ಫ್ರೀಜರ್‌ನಲ್ಲಿ ಬೇಡ. ದಾರಿಯಲ್ಲಿ ತರುವಾಗ ಐಸ್ ಪ್ಯಾಕನ್ನು ಟವೆಲ್ಲಿನಲ್ಲಿ ಸುತ್ತಿ, ಔಷಧಿ ನೇರ ಐಸಿಗೆ ತಾಗದ ಹಾಗೆ ಇಡಬೇಕು. ಗಟ್ಟಿಯಾದರೆ ಕೆಟ್ಟಿತು ಅಂತ ಲೆಕ್ಕ.

ಲಸಿಕೆಯಿಂದ ಬಂಜೆತನ ಬರುವುದಿಲ್ಲ. ನಮ್ಮ ಸರ್ಕಾರ 2021ರ ಜುಲೈನಲ್ಲಿ ಗರ್ಭಿಣಿಯರಿಗೇ ಕೊಡಲು ಶುರು ಮಾಡಿತು. ಬಸುರಿಯಾದ ಮೇಲೆ ಕೋವಿಡ್ ಬಂದರೆ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಜಾಸ್ತಿ ತೊಂದರೆ ಆಗುವ ಸಂಭವ ಇದೆ, ಅದಕ್ಕೇ ಎರಡನೇ ಡೋಸ್ ಈಗಲೇ ಮುಗಿಸಿ. ಮೊಟ್ಟೆ ತೆಗೆಯುವ ದಿನದ ಹಿಂದೆಮುಂದೆ ಮೂರು ದಿನ ಮಾತ್ರ ಬೇಡ. ಆಮೇಲೆ ಬಂದ ಜ್ವರ ಲಸಿಕೆಯದಾ, ಸೋಂಕಿನದಾ ಅಂತ ಗೊತ್ತಾಗಲ್ಲ.

ಅತ್ತೆಯವರ ಭಯ ಸುಮ್ನೆ ಅಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಆಗಿದ್ದು ನಮ್ಮ ಕಲಬುರಗಿಯಲ್ಲೇ, ಅದನ್ನು ಯಾರು ಮರೆಯುತ್ತಾರೆ? ಆಗ ಅಮೆರಿಕ, ಯುರೋಪಿನ ತಜ್ಞರ ಸಂಘಗಳೂ ಹೊಸ ಐವಿಎಫ್ ಶುರು ಮಾಡಬೇಡಿ ಅಂದಿದ್ದವು, ಕೆಲವು ವಾರಗಳಲ್ಲಿ ಮತ್ತೆ ಶುರು ಮಾಡಲು ಹೇಳಿದವು. ನಿಮಗೆ 33, ಎಎಂಎಚ್ ಚೆನ್ನಾಗಿದೆ, ಈ ಅಲೆ ಇಳಿಯಲಿ ಅಂತ ಒಂದೆರಡು ತಿಂಗಳು ಕಾದರೆ ನಷ್ಟವಿಲ್ಲ. 39 ಆಗಿದ್ದರೆ ನಾನೇ ‘ಕಾಯಬೇಡಿ’ ಅನ್ನುತ್ತಿದ್ದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದಿದ್ದಕ್ಕೆ ನನ್ನ ತಕರಾರಿಲ್ಲ, ಗಾಳಿ ಬಯಲು ಅದು. ಹೋಗುವಾಗ ಟಂಟಂ ಆಟೋದಲ್ಲಿ ಎಷ್ಟು ಜನ ತುರುಕಿಕೊಂಡಿದ್ದಿರಿ, ಅದನ್ನು ಅತ್ತೆಯವರಿಗೆ ಕೇಳಿ.

ಪ್ರಶ್ನೆ: ಹುಮನಾಬಾದಿನವನು. ಹೋದ ತಿಂಗಳು ಕೋವಿಡ್ ಆಗಿ ಐದು ದಿನ ಜ್ವರ ಇತ್ತು. ಈಗ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಬಹಳ ಕಡಿಮೆ ಬಂದಿದೆ. ಮೊದಲು ನಾರ್ಮಲ್ ಇತ್ತು.

ಉತ್ತರ: ಯಾವ ಜ್ವರ ಬಂದರೂ ಕೌಂಟ್ ಇಳಿಯಬಹುದು. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಜ್ವರ ಬಿಟ್ಟು ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಈ ರಿಪೋರ್ಟ್ ಹಿಡಿದುಕೊಂಡು ಪುಡಿ, ಲೇಹ್ಯ ಅಂತ ದುಡ್ಡು ಸುರಿಯಬೇಡಿ.