ಓದಲು ಹೋದವರ ಹಿಂದೆ ಮನೆಯವರು: ವೀಸಾ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಪತಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ. ಕೋರ್ಸಿಗೆ ಸೀಟು ಸಿಕ್ಕಿದೆ. ನಮಗೆ ಎರಡು ವರ್ಷದ ಮಗಳಿದ್ದಾಳೆ. ‘ಮೊದಲು ಅವರು ಹೋಗಲಿ, ಮೂರು ತಿಂಗಳಾದ ಮೇಲೆ ನಿಮ್ಮಿಬ್ಬರಿಗೂ ಡಿಪೆಂಡೆಂಟ್ ವೀಸಾ ಮಾಡಿಸಿಕೊಡುತ್ತೇವೆ’ ಎಂದು ಏಜೆಂಟರು ಭರವಸೆ ಕೊಟ್ಟಿದ್ದಾರೆ. ಇದನ್ನು ನಂಬಿ ನಾನು ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ರಾಜೀನಾಮೆ ಕೊಡಬೇಡಿ. ಏಜೆಂಟರು ಹೇಳುತ್ತಿರುವುದು ಹಳೆಯ ಕಾಲದ ಮಾತು. ಬ್ರಿಟನ್ ಸರ್ಕಾರ 2023ರ ಮೇ 23ರಂದು ಪ್ರಕಟಿಸಿದ ನಿರ್ಧಾರದಂತೆ, 2024ರ ಜನವರಿ 1ರಂದು ಅಥವಾ ಅದರ ನಂತರ ಆರಂಭವಾಗುವ ಕೋರ್ಸುಗಳಿಗೆ ಸೇರುವ ವಿದೇಶಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪತಿ, ಪತ್ನಿ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆಸಿಕೊಳ್ಳುವಂತಿಲ್ಲ. ಪಿಎಚ್.ಡಿ. ಅಥವಾ ಸಂಶೋಧನೆಯೇ ಪ್ರಧಾನವಾಗಿರುವ ಉನ್ನತ ಪದವಿಗೆ ಸೇರಿದವರಿಗೆ ಮತ್ತು ಸರ್ಕಾರದ ಪೂರ್ಣ ವಿದ್ಯಾರ್ಥಿವೇತನದ ಮೇಲೆ ಆರು ತಿಂಗಳಿಗಿಂತ ದೀರ್ಘವಾದ ಕೋರ್ಸು ಓದುವವರಿಗೆ ಮಾತ್ರ ಈ ಅವಕಾಶ ಉಳಿದಿದೆ. ಎಂ.ಎಸ್ಸಿ. ಕೊನೆಯಲ್ಲಿ ಪ್ರಬಂಧ ಬರೆಯುವುದರಿಂದ ಅದೂ ಸಂಶೋಧನಾ ಪದವಿಯೇ ಎಂದು ಕೆಲವರು ವಾದಿಸುತ್ತಾರೆ. ಆದರೆ ಸ್ವತಂತ್ರ ಸಂಶೋಧನೆಯ ಪಾಲು ತರಗತಿ ಪಾಠದ ಪಾಲಿಗಿಂತ ಹೆಚ್ಚಿರಬೇಕೆಂದು ನಿಯಮವೇ ಹೇಳುವುದರಿಂದ ಆ ವಾದ ನಿಲ್ಲುವುದಿಲ್ಲ. ನಿಮ್ಮ ಪತಿಯ ಕೋರ್ಸು ಯಾವ ಬಗೆಯದೆಂದು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಇಮೇಲ್ ಬರೆದು, ಲಿಖಿತ ಉತ್ತರ ತರಿಸಿಕೊಳ್ಳಿ.

‘ಓದು ಮುಗಿದ ಮೇಲಾದರೂ ಹೋಗಬಹುದಲ್ಲ’ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. ಪದವಿ ಮುಗಿಸಿದವರು ಅಲ್ಲೇ ಉಳಿದು ಕೆಲಸ ಹುಡುಕಲು ಪಡೆಯುವ ಗ್ರಾಜುಯೇಟ್ ವೀಸಾದಲ್ಲಿಯೂ, ಅದಕ್ಕೆ ಮೊದಲೇ ವಿದ್ಯಾರ್ಥಿಯ ಅವಲಂಬಿತರಾಗಿ ಅಲ್ಲಿದ್ದವರು ಮಾತ್ರ ಮುಂದುವರಿಯಬಹುದೇ ಹೊರತು, ಭಾರತದಿಂದ ಹೊಸದಾಗಿ ಯಾರೂ ಸೇರಿಕೊಳ್ಳುವಂತಿಲ್ಲ. ಆ ವೀಸಾ ಈಗ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕ, ಸ್ನಾತಕೋತ್ತರ ಪದವೀಧರರಿಗೆ ಅದು ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ನಿಮ್ಮ ಪತಿಗೆ ಸ್ಕಿಲ್ಡ್ ವರ್ಕರ್ ವೀಸಾ ಕೊಡಿಸುವ ಉದ್ಯೋಗ ಸಿಕ್ಕರೆ ಆಗ ಕುಟುಂಬಕ್ಕೆ ದಾರಿ ತೆರೆಯುತ್ತದೆ. ಅದಕ್ಕೆ 2025ರ ಜುಲೈನಿಂದ ವರ್ಷಕ್ಕೆ ಸಾಮಾನ್ಯವಾಗಿ 41,700 ಪೌಂಡ್, ಹೊಸದಾಗಿ ವೃತ್ತಿಗೆ ಸೇರುವವರಿಗೆ 33,400 ಪೌಂಡ್ ಕನಿಷ್ಠ ಸಂಬಳವಿರಬೇಕು, ಮತ್ತು ಎಲ್ಲ ಬಗೆಯ ಹುದ್ದೆಗಳಿಗೂ ಕುಟುಂಬವನ್ನು ಕರೆಸುವ ಅವಕಾಶವಿಲ್ಲ. ಅಂದರೆ ನೀವಿಬ್ಬರು ಒಂದು ವರ್ಷವಲ್ಲ, ಎರಡು ಮೂರು ವರ್ಷ ದೂರವಿರಬೇಕಾಗಬಹುದೆಂದು ಈಗಲೇ ಲೆಕ್ಕ ಹಾಕಿಕೊಳ್ಳಬೇಕು. ಎರಡು ವರ್ಷದ ಮಗುವಿಗೆ ಮೂರು ವರ್ಷವೆಂದರೆ ಅದರ ಬಾಲ್ಯದ ಬಹುಪಾಲು. ಶುಲ್ಕದ ಮುಂಗಡ ಕಟ್ಟುವ ಮೊದಲು ಮನೆಯಲ್ಲಿ ಕೂತು ಮಾತಾಡಬೇಕಾದದ್ದು ಇದನ್ನೇ.

ಸಂದರ್ಶಕರ ವೀಸಾದಲ್ಲಿ ನೀವೂ ಮಗಳೂ ಆರು ತಿಂಗಳವರೆಗೆ ಹೋಗಿ ಬರಬಹುದು. ಅದರಲ್ಲಿ ಕೆಲಸ ಮಾಡುವಂತಿಲ್ಲ, ಮತ್ತೆ ಮತ್ತೆ ಹೋಗಿ ಅಲ್ಲೇ ವಾಸವಿದ್ದಂತೆ ಇರುವಂತೆಯೂ ಇಲ್ಲ. ಅರ್ಜಿಯಲ್ಲಿ ಪತಿ ಅಲ್ಲಿ ಓದುತ್ತಿರುವ ಸಂಗತಿಯನ್ನು ಮುಚ್ಚಿಡಲೇಬಾರದು.

ಇನ್ನೂ ಹಣ ಕಟ್ಟಿಲ್ಲವಾದರೆ ಬೇರೆ ದೇಶಗಳನ್ನೂ ನೋಡಿ. ಕೆನಡಾದಲ್ಲಿ 2025ರ ಜನವರಿ 21ರಿಂದ, ವಿದ್ಯಾರ್ಥಿಯ ಸ್ನಾತಕೋತ್ತರ ಕೋರ್ಸು 16 ತಿಂಗಳು ಅಥವಾ ಅದಕ್ಕಿಂತ ದೀರ್ಘವಾಗಿದ್ದರೆ ಮಾತ್ರ ಪತಿ ಅಥವಾ ಪತ್ನಿಗೆ ಮುಕ್ತ ಕೆಲಸದ ಪರವಾನಗಿ (ಯಾರ ಬಳಿಯಾದರೂ ಕೆಲಸ ಮಾಡಲು ಬಿಡುವಂಥದ್ದು) ಸಿಗುತ್ತದೆ, ಪಿಎಚ್.ಡಿ. ಮತ್ತು ಆಯ್ದ ಕೆಲವು ವೃತ್ತಿಪರ ಕೋರ್ಸು ಓದುವವರ ಸಂಗಾತಿಗೂ ಈ ಪರವಾನಗಿ ಸಿಗುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಸಂಗಾತಿಯೂ ಎ1 ಎಂಬ ಆರಂಭಿಕ ಹಂತದ ಜರ್ಮನ್ ಕಲಿತಿರಬೇಕು, ಆದರೆ ಹೋದ ಮೇಲೆ ಕೆಲಸ ಮಾಡಬಹುದು. ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕುವವರು ಹೆಂಡತಿ ಮಕ್ಕಳು ಈಗ ಬರದಿದ್ದರೂ ಅವರ ಹೆಸರನ್ನು ಮೊದಲ ಅರ್ಜಿಯಲ್ಲೇ ನಮೂದಿಸಬೇಕು. ‘ಒಂಟಿ ಎಂದು ತೋರಿಸಿದರೆ ವೀಸಾ ಬೇಗ ಬರುತ್ತದೆ’ ಎಂಬ ಮಾತಿಗೆ ಮರುಳಾಗಿ ಹೆಸರು ಬಿಟ್ಟವರು ಆಮೇಲೆ ಕುಟುಂಬವನ್ನು ಕರೆಸಲಾಗದೆ ಪರದಾಡುತ್ತಾರೆ.

ಪ್ರಶ್ನೆ: ನನ್ನ ಹೆಂಡತಿ ಲಂಡನ್ನಿನ ಹೊರಗಿನ ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷದ ಪಿಎಚ್.ಡಿ.ಯ ಮೊದಲ ವರ್ಷ ಮುಗಿಸಿದ್ದಾಳೆ. ನಾನೂ ನಾಲ್ಕು ವರ್ಷದ ಮಗನೂ ಅವಳನ್ನು ಸೇರಿಕೊಳ್ಳಬೇಕು. ಬ್ಯಾಂಕಿನಲ್ಲಿ ಎಷ್ಟು ಹಣ ತೋರಿಸಬೇಕು? ನಮ್ಮ ತಂದೆಯವರ ಖಾತೆಯಲ್ಲಿರುವ ಹಣ ಸಾಕೇ?
— ಓದುಗರು, ಹಾಸನ

ಉತ್ತರ: ಪಿಎಚ್.ಡಿ. ಆದ್ದರಿಂದ ನಿಮಗೆ ಹಕ್ಕಿದೆ. ಲಂಡನ್ನಿನ ಹೊರಗಾದರೆ ಪ್ರತಿ ಅವಲಂಬಿತರಿಗೆ ತಿಂಗಳಿಗೆ 680 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು ತೋರಿಸಬೇಕು. ತಲಾ 6,120, ಇಬ್ಬರಿಗೆ 12,240 ಪೌಂಡ್. ಲಂಡನ್ ಆಗಿದ್ದರೆ ತಿಂಗಳಿಗೆ 845ರಂತೆ ಇಬ್ಬರಿಗೆ 15,210 ಆಗುತ್ತಿತ್ತು. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಒಂದು ರೂಪಾಯಿ ಕಡಿಮೆಯಾದರೂ ಲೆಕ್ಕ ಮತ್ತೆ ಮೊದಲಿನಿಂದ ಶುರು. ರೂಪಾಯಿಯ ದರ ಏರಿಳಿಯುವುದರಿಂದ ಹತ್ತಿಪ್ಪತ್ತು ಸಾವಿರ ಹೆಚ್ಚೇ ಇಟ್ಟುಕೊಳ್ಳಿ. ತಂದೆಯವರ ಖಾತೆಯನ್ನು ನೆಚ್ಚಿಕೊಳ್ಳಬೇಡಿ. ಹಣವನ್ನು ನಿಮ್ಮ ಅಥವಾ ನಿಮ್ಮ ಪತ್ನಿಯ ಹೆಸರಿನ ಖಾತೆಗೆ ವರ್ಗಾಯಿಸಿ, ಆ ದಿನದಿಂದ 28 ದಿನ ಎಣಿಸಿ.

ಇದಲ್ಲದೆ ಕೈಬಿಟ್ಟು ಹೋಗುವ ಹಣವೊಂದಿದೆ. ಅದನ್ನು ಬಹಳ ಮಂದಿ ಮರೆಯುತ್ತಾರೆ. ಆರೋಗ್ಯ ಸೇವೆಯ ಸರ್‌ಚಾರ್ಜ್ ವಿದ್ಯಾರ್ಥಿಯ ಅವಲಂಬಿತರಿಗೆ ವರ್ಷಕ್ಕೆ 776 ಪೌಂಡ್, ಮತ್ತು ಅದನ್ನು ವೀಸಾದ ಇಡೀ ಅವಧಿಗೆ ಒಟ್ಟಿಗೇ ಕಟ್ಟಬೇಕು. ನಿಮ್ಮ ವೀಸಾ ಪತ್ನಿಯ ವೀಸಾ ಮುಗಿಯುವ ದಿನವೇ ಮುಗಿಯುತ್ತದೆ. ಅವರಿಗೆ ಉಳಿದಿರುವುದು ಎರಡು ವರ್ಷ ಮತ್ತು ಕೋರ್ಸು ಮುಗಿದ ಮೇಲಿನ ನಾಲ್ಕು ತಿಂಗಳು ಎಂದುಕೊಂಡರೆ, ಆ ನಾಲ್ಕು ತಿಂಗಳನ್ನು ಅರ್ಧ ವರ್ಷವೆಂದೇ ಎಣಿಸುವುದರಿಂದ ಎರಡೂವರೆ ವರ್ಷದ ಲೆಕ್ಕದಲ್ಲಿ ತಲಾ 1,940, ಇಬ್ಬರಿಗೆ 3,880 ಪೌಂಡ್ ಆಗುತ್ತದೆ. ವೀಸಾ ಶುಲ್ಕ ಬೇರೆ.

ಕ್ಷಯರೋಗದ ಪರೀಕ್ಷೆಯನ್ನು ಬ್ರಿಟನ್ ಸರ್ಕಾರ ಒಪ್ಪಿದ ಚಿಕಿತ್ಸಾಲಯದಲ್ಲೇ ಮಾಡಿಸಬೇಕು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಎಕ್ಸ್-ರೇ ಇರುವುದಿಲ್ಲವಾದರೂ ಮಗನನ್ನು ಕರೆದೊಯ್ಯಲೇಬೇಕು. ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಸ್ಸು.

ನಾನು ನಿಮ್ಮನ್ನು ಹೆಚ್ಚು ಎಚ್ಚರಿಸಬೇಕಾದದ್ದು ಹೆಸರಿನ ವಿಷಯದಲ್ಲಿ. ನಮ್ಮ ಕಡೆ ಮದುವೆ ನೋಂದಣಿ ಪತ್ರದಲ್ಲಿ ಬರೀ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ಲನ್ನು ಊರಿನ ಹೆಸರು, ತಂದೆಯ ಹೆಸರು ಎಂದು ಬಿಡಿಸಿ ಬರೆದಿರುತ್ತಾರೆ, ಮಗುವಿನ ಜನನ ಪತ್ರದಲ್ಲಿ ತಾಯಿಯ ತವರಿನ ಹೆಸರೇ ಉಳಿದಿರುತ್ತದೆ. ಬರೀ ಕಾಗದ ನೋಡಿ ತೀರ್ಮಾನಿಸುವ ಅಧಿಕಾರಿಗೆ ಇವರು ಮೂರು ಬೇರೆ ವ್ಯಕ್ತಿಗಳಂತೆ ಕಾಣುತ್ತಾರೆ. ಮೂರೂ ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ. ಹೆರಿಗೆಯಾದ ಕೂಡಲೇ ನೋಂದಾಯಿಸಿದ ಎಷ್ಟೋ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುತ್ತದೆ. ಹಾಗಿದ್ದರೆ ಜನನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಸಿ ಹೊಸ ಪ್ರತಿ ಪಡೆಯಿರಿ. ಕನ್ನಡದಲ್ಲಷ್ಟೇ ಇರುವ ಕಾಗದಕ್ಕೆ ಅನುವಾದಕರು ದೃಢೀಕರಿಸಿ ಸಹಿ ಹಾಕಿದ ಇಂಗ್ಲಿಷ್ ಅನುವಾದ ಬೇಕು.

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಅಳಿಯ ಅವಳ ಜೊತೆಗಿದ್ದಾನೆ. ಅವಳಿಗೀಗ ಐದು ತಿಂಗಳು. ಬಾಣಂತನಕ್ಕೆ ನಾನು ಅವಳ ಅವಲಂಬಿತಳಾಗಿ ಹೋಗಬಹುದೇ?
— ಓದುಗರು, ಮೈಸೂರು

ಉತ್ತರ: ಅವಲಂಬಿತರಾಗಿ ಹೋಗಲು ಆಗುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರ ಜೊತೆಗಿರಲು ಕೊಡುವ ಎಫ್-2 ವೀಸಾ ಪತಿ ಅಥವಾ ಪತ್ನಿಗೆ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಮಾತ್ರ. ನಿಮ್ಮ ಅಳಿಯ ಅದರಲ್ಲಿದ್ದರೆ ಅವರು ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ ಎಂಬುದು ನೆನಪಿರಲಿ. ನೀವು ಹಾಕಬೇಕಾದದ್ದು ಬಿ-2 ಸಂದರ್ಶಕರ ವೀಸಾಕ್ಕೆ. ಸಂದರ್ಶನದ ದಿನಾಂಕ ಸಿಗುವುದು ತಡವಾಗಬಹುದಾದ್ದರಿಂದ ಈ ವಾರವೇ ಅರ್ಜಿ ತುಂಬಿಸಿ.

ಸಂದರ್ಶನದಲ್ಲಿ ‘ಊರು ನೋಡಲು’ ಎಂದು ಹೇಳಬೇಡಿ. ಮಗಳಿಗೆ ಹೆರಿಗೆ ಇದೆ, ಚೊಚ್ಚಲ ಬಾಣಂತನಕ್ಕೆ ತಾಯಿಯಾಗಿ ಜೊತೆಗಿದ್ದು ಮರಳಿ ಬರುತ್ತೇನೆ ಎಂದು ಇದ್ದದ್ದನ್ನೇ ಹೇಳಿ. ನಿಮಗೆ ಕನ್ನಡದಲ್ಲೇ ಮಾತಾಡುವುದು ಸಲೀಸೆನಿಸಿದರೆ ಅದಕ್ಕೆ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸಿ. ಹೆರಿಗೆಯ ಅಂದಾಜು ದಿನವಿರುವ ವೈದ್ಯರ ಪತ್ರ, ಮಗಳಿಗೆ ವಿಶ್ವವಿದ್ಯಾಲಯ ಕೊಟ್ಟಿರುವ ಐ-20 ಎಂಬ ಪತ್ರದ ಪ್ರತಿ, ಖರ್ಚು ಯಾರದೆಂಬ ದಾಖಲೆ, ಇಲ್ಲಿನ ಮನೆ ಅಥವಾ ಪಿಂಚಣಿಯ ಕಾಗದ ಜೊತೆಗಿರಲಿ.

ವೀಸಾ ಹತ್ತು ವರ್ಷದ್ದಾದರೂ ಅಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ತೀರ್ಮಾನಿಸುವವರು ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಇಳಿದ ವಾರದಲ್ಲೇ ಮಗಳಿಂದ ಅದನ್ನು ಆನ್‌ಲೈನಿನಲ್ಲಿ ತೆಗೆಸಿ, ಹಿಂದಿರುಗುವ ಟಿಕೆಟ್ಟಿನ ದಿನಾಂಕ ಅದರೊಳಗೇ ಇದೆಯೇ ಎಂದು ನೋಡಿಕೊಳ್ಳಿ.