ಕೋಚ್ ಕುರ್ಚಿ ಬಿಡುವ ಹೊತ್ತು

ಪ್ರಶ್ನೆ: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕೆಲವು ಕೋಚ್‌ಗಳು ಎಂಬತ್ತು ದಾಟಿದರೂ, ಕಾಲು ಮುರಿದರೂ ಜಾಗ ಬಿಡುವುದಿಲ್ಲವಲ್ಲ. ಇದು ಬರೀ ಅಹಂಕಾರವೆ?

ಉತ್ತರ: ಅಹಂ ಇದ್ದೇ ಇದೆ, ಅದಕ್ಕೆ ನಡುನಡುವೆ ಮೇವೂ ಸಿಗುತ್ತದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಜೋ ಪಟರ್ನೋ ಅವರನ್ನೇ ನೋಡಿ. ತಂಡ 2003ರಲ್ಲಿ 9, 2004ರಲ್ಲಿ 7 ಪಂದ್ಯ ಸೋತಾಗ ವಿಶ್ವವಿದ್ಯಾಲಯದ ಹಿರಿಯರು ಮನೆಗೇ ಹೋಗಿ ನಿವೃತ್ತಿಯ ಮಾತೆತ್ತಿದರು. ಅವರು ಒಪ್ಪಲಿಲ್ಲ. ಮರುವರ್ಷ 11 ಗೆಲುವು, ಒಂದೇ ಸೋಲು! ಆಮೇಲೆ ಅವರಿಗೆ ಬುದ್ಧಿ ಹೇಳುವವರು ಯಾರು? 2006ರಲ್ಲಿ ಮೈದಾನದಂಚಿನಲ್ಲಿ ಆಟಗಾರರು ಬಂದು ಬಡಿದು ಕಾಲು ಮುರಿಯಿತು; ಆಗಲೂ ಬಿಡಲಿಲ್ಲ. ಕೊನೆಗೆ 2011ರಲ್ಲಿ, ಹಳೆಯ ಸಹಾಯಕನೊಬ್ಬನ ಲೈಂಗಿಕ ದೌರ್ಜನ್ಯದ ಪ್ರಕರಣ ಸಿಡಿದಾಗ, 84ರ ಕೋಚನ್ನು ಆಡಳಿತ ಮಂಡಳಿಯೇ ತೆಗೆದುಹಾಕಿತು.

ಅಹಂಕಾರವಲ್ಲದ ಕಾರಣವೂ ಒಂದಿದೆ. ಹೈಸ್ಕೂಲ್ ಹುಡುಗರನ್ನು ತಂಡಕ್ಕೆ ಒಲಿಸಿಕೊಳ್ಳಲು ಕೋಚ್‌ಗಳು ಮನೆಮನೆಗೆ ಹೋಗುತ್ತಾರೆ. ‘ನಿನ್ನ ಓದು ಮುಗಿಯುವಷ್ಟರಲ್ಲಿ ಆ ಮುದುಕ ಇರುವುದಿಲ್ಲ’ ಎಂದು ಎದುರಾಳಿಗಳು ಕಿವಿಯೂದುತ್ತಾರೆ. ಹೀಗಾಗಿ ತಮ್ಮ ಕಾಯಿಲೆಯ ವಿಷಯ ಬಾಯಿಬಿಟ್ಟರೆ ಕೋಚ್‌ಗೆ ನಷ್ಟ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಇದಕ್ಕೆ ದಾರಿ ಕಂಡುಕೊಂಡಿತು: ಕೋಚ್ ಬಾಬಿ ಬೌಡನ್ ಇರುವಾಗಲೇ, 2007ರಲ್ಲಿ, ಮುಂದಿನವರು ಜಿಂಬೊ ಫಿಷರ್ ಎಂದು ಸಾರಿತು. ಒಂದೇ ತಂಡಕ್ಕೆ ಇಬ್ಬರು ಯಜಮಾನರಾಗುವ ತೊಡಕು ಇದರಲ್ಲಿದೆ, ಆದರೂ ಮುಚ್ಚಿಡುವುದಕ್ಕಿಂತ ವಾಸಿ.

ಪ್ರಶ್ನೆ: ಹೊತ್ತು ಬಂತೆಂದು ತಿಳಿಯುವುದು ಹೇಗೆ?

ಉತ್ತರ: ಎದೆನೋವು, ತಲೆಸುತ್ತಿ ಬೀಳುವುದು, ಎದೆಬಡಿತ ತಾಳ ತಪ್ಪುವುದು: ಇವಕ್ಕೆ ಸೀಸನ್ ಮುಗಿಯಲಿ ಎಂದು ಕಾಯಬಾರದು, ಅಂದೇ ಆಸ್ಪತ್ರೆ. ಉಳಿದದ್ದನ್ನು ಕೆಲಸದಲ್ಲೇ ಅಳೆಯಿರಿ. ಪಂದ್ಯದ ನಡುವೆ ಯಾವ ತಂತ್ರ ಹೂಡಬೇಕೆಂದು ಹೇಳುವ ಕೆಲಸ ಸಹಾಯಕರಿಗೆ ಬಿಟ್ಟಿದ್ದರೆ ತಪ್ಪೇನಿಲ್ಲ, ಬಹಳ ಕೋಚ್‌ಗಳು ಬಿಡುತ್ತಾರೆ. ಆದರೆ ಎದುರಾಳಿಯ ವಿಡಿಯೊ ನೋಡುವವರು, ಹುಡುಗರ ಮನೆಗೆ ಹೋಗುವವರು, ತಪ್ಪಿದವನನ್ನು ಕರೆದು ಗದರುವವರು ಎಲ್ಲರೂ ಬೇರೆಯವರೇ ಆಗಿದ್ದರೆ, ಕೋಚ್ ಆಗಲೇ ನಿವೃತ್ತರು, ಘೋಷಣೆಯೊಂದು ಬಾಕಿ.

ಬಿಡುವುದಾದರೆ ಸೀಸನ್ನಿನ ಕೊನೆಗೆ, ಹೊಸ ಹುಡುಗರು ಸಹಿ ಹಾಕುವ ಮುಂಚೆ ತಿಳಿಸಿ. ನೆಬ್ರಾಸ್ಕಾದ ಟಾಮ್ ಆಸ್ಬೋರ್ನ್ 1997ರ ಡಿಸೆಂಬರ್‌ನಲ್ಲಿ, 60ರ ವಯಸ್ಸಿನಲ್ಲಿ, ಸಹಾಯಕ ಫ್ರ್ಯಾಂಕ್ ಸೋಲಿಚ್‌ಗೆ ವಹಿಸಿಕೊಟ್ಟರು. ಹೃದಯದ ತೊಂದರೆಯಿತ್ತು, ತಂಡ ಮಾತ್ರ ಗೆಲ್ಲುತ್ತಲೇ ಇತ್ತು. ಆತುರದ ನಿರ್ಧಾರ ನಿಲ್ಲುವುದಿಲ್ಲ: ಫ್ಲಾರಿಡಾ ವಿಶ್ವವಿದ್ಯಾಲಯದ ಕೋಚ್ ಅರ್ಬನ್ ಮೇಯರ್ 2009ರ ಡಿಸೆಂಬರ್ 26ರಂದು ರಾಜೀನಾಮೆ ಕೊಟ್ಟು, ಮರುದಿನವೇ ಬರೀ ರಜೆ ಎಂದರು, ವರ್ಷದೊಳಗೆ ಮತ್ತೆ ರಾಜೀನಾಮೆ.

ಪ್ರಶ್ನೆ: ಅಲಬಾಮಾದ ಬೇರ್ ಬ್ರಯಂಟ್ ನಿವೃತ್ತಿಯಾದ ತಿಂಗಳಲ್ಲೇ ತೀರಿಕೊಂಡರಂತೆ?

ಉತ್ತರ: ಹೌದು. ಕೊನೆಯ ಪಂದ್ಯ 1982ರ ಡಿಸೆಂಬರ್ 29, ಸಾವು 1983ರ ಜನವರಿ 26. ‘ಕೆಲಸ ಬಿಟ್ಟರೆ ಸಾಯುತ್ತೇನೆ’ ಎನ್ನುವವರಿಗೆ ಇದೇ ಸಾಕ್ಷಿ. ಬ್ರಯಂಟ್ ಅವರ ಹೃದಯ ಮಾತ್ರ ಕೆಲಸದಲ್ಲಿದ್ದಾಗಲೇ ಕೆಟ್ಟಿತ್ತು.